ಗಾಳಿಯಲ್ಲಿ ಹೋದ ದನಿ

1995ರ ಏಪ್ರಿಲ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತನ್ನ ಸೂಪರ್ ಫ್ಯಾಮಿಕಾಮ್ ಗೇಮ್ ಯಂತ್ರದ ಅಡಿಗೆ ಜೋಡಿಸುವ ‘ಸ್ಯಾಟೆಲಾವ್ಯೂ’ ಎಂಬ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಸೇಂಟ್ ಗಿಗಾ ಎಂಬ ರೇಡಿಯೊ ಸಂಸ್ಥೆ ಉಪಗ್ರಹದ ಮೂಲಕ ಆಟಗಳನ್ನೇ ಪ್ರಸಾರ ಮಾಡುತ್ತಿತ್ತು. ಮನೆಯ ಡಿಶ್ ಹಿಡಿದ ಆಟ ಪುಟ್ಟದೊಂದು ಮೆಮೊರಿ ಪ್ಯಾಕ್‌ಗೆ ಇಳಿಯುತ್ತಿತ್ತು. ಅದರ ಅಳತೆ ಬರೀ 1 ಎಂಬಿ. ಪ್ಯಾಕ್ ತುಂಬಿತೆಂದರೆ ಹಳೆಯದನ್ನು ಅಳಿಸಿಯೇ ಹೊಸದಕ್ಕೆ ಜಾಗ ಮಾಡಬೇಕು.

ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಜೆಲ್ಡಾ ಆಟವನ್ನು ಪ್ರಸಾರದ ಗಂಟೆಯಲ್ಲಷ್ಟೇ ಆಡಬಹುದಿತ್ತು. ಆಡುತ್ತಿದ್ದಂತೆಯೇ ಕಥೆ ಹೇಳುವ ಕಲಾವಿದರ ದನಿ, ಸಂಗೀತ ಎರಡೂ ಉಪಗ್ರಹದಿಂದ ಬರುತ್ತಿದ್ದವು. ಆಟದೊಳಗಿನ ಗಡಿಯಾರ ಪ್ರಸಾರದ ಜೊತೆಗೇ ಓಡುತ್ತಿತ್ತು. ಆ ದನಿ ಮಾತ್ರ ಪ್ಯಾಕ್‌ಗೆ ಇಳಿಯುತ್ತಲೇ ಇರಲಿಲ್ಲ. 2000ದ ಜೂನ್‌ನಲ್ಲಿ ಸೇವೆ ನಿಂತಿತು. ಅಭಿಮಾನಿಗಳು ಹಳೆಯ ಪ್ಯಾಕ್‌ಗಳನ್ನು ಹರಾಜಿನಲ್ಲಿ ಕೊಂಡು, ಅವುಗಳಲ್ಲಿ ಉಳಿದ ಆಟಗಳನ್ನು ನಕಲು ಮಾಡಿಕೊಂಡರು. ದನಿಗೆ ಮಾತ್ರ, ಆಗ ಯಾರೋ ಮನೆಯಲ್ಲಿ ಟೇಪಿಗೆ ಹಿಡಿದಿಟ್ಟಿದ್ದೇ ಗತಿ. ಎಷ್ಟೋ ಪ್ರಸಾರಗಳಿಗೆ ಅದೂ ಇಲ್ಲ.

ಇಂದಿನ ಆನ್‌ಲೈನ್ ಆಟಗಳ ಕಥೆಯೂ ಇದೇ. ಯೂಬಿಸಾಫ್ಟ್‌ನ ಕಾರು ಓಟದ ಆಟ ‘ದಿ ಕ್ರ್ಯೂ’ 2014ರಲ್ಲಿ ಬಂತು. 2024ರ ಮಾರ್ಚ್ 31ರಂದು ಕಂಪನಿ ಅದರ ಸರ್ವರ್ ನಿಲ್ಲಿಸಿತು. ಒಬ್ಬರೇ ಕೂತು ಆಡುವ ಭಾಗವೂ ಅಂದೇ ಸತ್ತಿತು. ಆಟದ ಚಿತ್ರಗಳು, ಶಬ್ದ ಎಲ್ಲ ಕೊಂಡವರ ಬಳಿಯೇ ಇದ್ದವು. ಆಟ ಶುರುವಾಗಲು ಹೂಂಗುಟ್ಟಬೇಕಾದ ತಂತ್ರಾಂಶ ಮಾತ್ರ ಕಂಪನಿಯ ಕಂಪ್ಯೂಟರಿನಲ್ಲಿತ್ತು. ಅದನ್ನು ಯಾರಿಗೂ ಮಾರಿರಲೇ ಇಲ್ಲ. ಹಾಗಾಗಿ ಡಿಸ್ಕನ್ನು ಮ್ಯೂಸಿಯಮ್ಮಿನಲ್ಲಿ ಜೋಪಾನ ಮಾಡಿದರೆ ಆಟ ಉಳಿಯಿತು ಎನ್ನುವಂತಿಲ್ಲ.

ದಾರಿಯೊಂದಿದೆ. ಸರ್ವರ್ ಬದುಕಿರುವಾಗಲೇ ಆಟಕ್ಕೂ ಅದಕ್ಕೂ ನಡುವೆ ಓಡಾಡುವ ಸಂದೇಶಗಳನ್ನು ದಾಖಲಿಸಿಕೊಳ್ಳಬೇಕು. ಯಾವ ಪ್ರಶ್ನೆಗೆ ಯಾವ ಉತ್ತರ ಎಂಬುದು ತಿಳಿದರೆ ಅದೇ ಉತ್ತರ ಕೊಡುವ ಬದಲಿ ಸರ್ವರ್ ಬರೆಯಬಹುದು. ನಿಂಟೆಂಡೊ 2014ರ ಮೇ 20ರಂದು ತನ್ನ ಆನ್‌ಲೈನ್ ಆಟದ ವೈಫೈ ಸೇವೆ ಮುಚ್ಚುವ ಮುನ್ನವೇ ಅಭಿಮಾನಿಗಳ ‘ವೀಮ್‌ಫಿ’ ಸರ್ವರ್ ಸಜ್ಜಾಗಿತ್ತು. ‘ಮಾರಿಯೊ ಕಾರ್ಟ್ ವೀ’ಯ ಆನ್‌ಲೈನ್ ಓಟ ಉಳಿದದ್ದು ಹಾಗೆ. ಸರ್ವರ್ ಮುಚ್ಚಿದ ಮೇಲೆ ಕೈಹಾಕಿದರೆ ಈ ಕೆಲಸ ಬಹಳ ಕಷ್ಟ.

ಇದನ್ನೆಲ್ಲ ಅಭಿಮಾನಿಗಳ ತಲೆಗೆ ಕಟ್ಟುವುದು ಅನ್ಯಾಯ. ಮುಚ್ಚುವಾಗ ಆಟವನ್ನು ಆಡಬಹುದಾದ ಸ್ಥಿತಿಯಲ್ಲೇ ಬಿಟ್ಟುಹೋಗಿ ಎಂದು ಕೇಳುವ ಯುರೋಪಿನ ಮನವಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ. ಅವರು ಕೇಳುತ್ತಿರುವುದು ದುಡ್ಡು ಕೊಟ್ಟು ಕೊಂಡದ್ದನ್ನೇ. ಆ ಬೇಡಿಕೆಯನ್ನು ಕಾನೂನಾಗಿಸಲೇಬೇಕು.