ಒಂದೇ ಚಿಹ್ನೆ, ಹಲವು ಹೋಲಿಕೆ: ಕಂಪೈಲರ್‌ನ ಆಯ್ಕೆಯ ಕುರಿತ ತಪ್ಪು ಕಲ್ಪನೆ ಮತ್ತು ಸತ್ಯ

ಗಣಿತದ ಪುಸ್ತಕದಲ್ಲಿ ‘<’ ಚಿಹ್ನೆಗೆ ಒಂದೇ ಅರ್ಥವಿರುತ್ತದೆ; ಎಡಗಡೆಯ ಸಂಖ್ಯೆ ಬಲಗಡೆಯದಕ್ಕಿಂತ ಚಿಕ್ಕದು ಎಂದು ಅದು ಹೇಳುತ್ತದೆ. ಶಾಲೆಯ ದಿನಗಳಿಂದ ಬಂದ ಈ ರೂಢಿಯಿಂದಾಗಿ, ಪ್ರೋಗ್ರಾಮಿಂಗ್ ಭಾಷೆಗಳಲ್ಲಿಯೂ ಹೋಲಿಕೆಯ ಚಿಹ್ನೆಗಳಿಗೆ ಹುಟ್ಟಿನಿಂದಲೇ ಒಂದು ಅರ್ಥವಿದೆ, ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವ ಕಂಪೈಲರ್ ಆ ಅರ್ಥವನ್ನು ಬಲ್ಲದು ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲದೆ ವರ್ಷಗಟ್ಟಲೆ ಕೋಡ್ ಬರೆದವರಲ್ಲಿಯೂ ಉಳಿದುಕೊಂಡಿದೆ. ವಾಸ್ತವದಲ್ಲಿ ಸಿ++ನಂತಹ ಭಾಷೆಯಲ್ಲಿ, ಪ್ರೋಗ್ರಾಮರ್ ತಾನೇ ರಚಿಸಿದ ಟೈಪ್‌ಗಳ ಮಟ್ಟಿಗೆ, ‘<’ ಅಥವಾ ‘==’ ಎಂಬುದು ಒಂದು ಫಂಕ್ಷನ್‌ನ ಹೆಸರಷ್ಟೇ. ಟೈಪ್ ಎಂದರೆ ಒಂದು ದತ್ತಾಂಶ ಪೂರ್ಣಾಂಕವೋ, ಪಠ್ಯವೋ, ಬೇರೇನೋ ಎಂದು ತಿಳಿಸುವ ಜಾತಿ. ಬೇರೆ ಬೇರೆ ಟೈಪ್‌ಗಳಿಗಾಗಿ ಬರೆದ ಹಲವು ಫಂಕ್ಷನ್‌ಗಳು ಒಂದೇ ಹೆಸರನ್ನು ಹಂಚಿಕೊಳ್ಳುವುದಕ್ಕೆ ಓವರ್‌ಲೋಡಿಂಗ್ ಎನ್ನುತ್ತಾರೆ.

ಮಂಗಳೂರಿನ ನಂತೂರು ವೃತ್ತದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಸಾಗಿದರೆ ಕೆಪಿಟಿ, ಕುಂಟಿಕಾನ, ಕೊಟ್ಟಾರ ಚೌಕಿ, ಕೂಳೂರು, ಪಣಂಬೂರು, ಸುರತ್ಕಲ್ ಒಂದಾದ ಮೇಲೊಂದರಂತೆ ಸಿಗುತ್ತವೆ. ಇವುಗಳನ್ನೇ ಅಕ್ಷರಮಾಲೆಯ ಕ್ರಮದಲ್ಲಿ ಬರೆದರೆ ಕುಂಟಿಕಾನ ಮೊದಲಿಗೆ ಬಂದು, ಕೂಳೂರು ಎರಡನೆಯದಾಗಿ, ಕೊಟ್ಟಾರ ಚೌಕಿ ಅದಕ್ಕೂ ಹಿಂದೆ ಬೀಳುತ್ತದೆ. ಹೀಗಾಗಿ ಕೂಳೂರು ಕೊಟ್ಟಾರ ಚೌಕಿಗಿಂತ ‘ಚಿಕ್ಕದು’ ಎಂಬ ಹೋಲಿಕೆ ಅಕ್ಷರದ ಲೆಕ್ಕದಲ್ಲಿ ನಿಜ, ದಾರಿಯ ಲೆಕ್ಕದಲ್ಲಿ ಸುಳ್ಳು. ಬಸ್ ನಿಲ್ದಾಣಗಳ ಪಟ್ಟಿಯನ್ನು ನಿಭಾಯಿಸುವ ಪ್ರೋಗ್ರಾಮ್‌ನಲ್ಲಿ ‘ನಿಲ್ದಾಣ’ ಎಂಬ ಟೈಪ್ ರಚಿಸಿ ಅದಕ್ಕೆ ‘<’ ಬರೆದಾಗ, ಎರಡರಲ್ಲಿ ಯಾವ ಕ್ರಮ ಬೇಕೆಂಬುದನ್ನು ಬರೆದವರೇ ಹೇಳಬೇಕು. ಕಂಪೈಲರ್‌ಗೆ ದಾರಿಯೂ ಗೊತ್ತಿಲ್ಲ, ಅಕ್ಷರಮಾಲೆಯೂ ಗೊತ್ತಿಲ್ಲ; ಅದರ ಕಣ್ಣಿಗೆ ಬೀಳುವುದು ಎರಡೂ ಬದಿಯ ಟೈಪ್‌ಗಳು ಮಾತ್ರ.

ಇಲ್ಲಿಂದಲೇ ಮೊದಲನೆಯ ತಪ್ಪು ಕಲ್ಪನೆ ಹುಟ್ಟುತ್ತದೆ: ಕಂಪೈಲರ್ ಮೌಲ್ಯಗಳನ್ನು ನೋಡಿ ಸೂಕ್ತ ಹೋಲಿಕೆಯನ್ನು ಆರಿಸುತ್ತದೆ ಎಂಬುದು. ಪ್ರೋಗ್ರಾಮ್ ಓಡತೊಡಗುವ ಮೊದಲೇ, ಕಂಪೈಲ್ ಆಗುವ ಹಂತದಲ್ಲಿಯೇ ಈ ಆಯ್ಕೆ ಮುಗಿದಿರುತ್ತದೆ. ಕಂಪೈಲರ್ ಮೊದಲು ಅಭ್ಯರ್ಥಿಗಳ ಪಟ್ಟಿ ಮಾಡುತ್ತದೆ. ಎಡಬದಿಯ ಟೈಪ್‌ನೊಳಗೇ ಇರುವ ಸದಸ್ಯ ಫಂಕ್ಷನ್‌ಗಳು, ಹೊರಗೆ ಸ್ವತಂತ್ರವಾಗಿ ಬರೆದ ಫಂಕ್ಷನ್‌ಗಳು, ಭಾಷೆಯಲ್ಲಿ ಮೊದಲಿನಿಂದಲೇ ಇರುವ ಹೋಲಿಕೆಗಳು ಈ ಪಟ್ಟಿಯಲ್ಲಿ ಸೇರುತ್ತವೆ. ಬಳಿಕ, ಕೊಟ್ಟಿರುವ ಎರಡು ಟೈಪ್‌ಗಳನ್ನು ಹೇಗೂ ಸ್ವೀಕರಿಸಲಾರದ ಅಭ್ಯರ್ಥಿಗಳನ್ನು ಕೈಬಿಟ್ಟು, ಉಳಿದವುಗಳಲ್ಲಿ ಪ್ರತಿ ಬದಿಗೂ ಎಷ್ಟು ಪರಿವರ್ತನೆ ಬೇಕಾಗುತ್ತದೆ ಎಂದು ಅಳೆಯುತ್ತದೆ. ಟೈಪ್ ಹಾಗೆಯೇ ಹೊಂದಿದರೆ ಅದು ಎಲ್ಲಕ್ಕಿಂತ ಮೇಲು; ಸಣ್ಣ ಪೂರ್ಣಾಂಕವನ್ನು ಸಾಮಾನ್ಯ ಪೂರ್ಣಾಂಕಕ್ಕೆ ಏರಿಸುವಂತಹ ಬಡ್ತಿ ಅದರ ನಂತರದ್ದು; ಪೂರ್ಣಾಂಕವನ್ನು ದಶಮಾಂಶವಾಗಿಸುವಂತಹ ಪರಿವರ್ತನೆ ಅದಕ್ಕಿಂತ ಕೆಳಗಿನದು; ಪ್ರೋಗ್ರಾಮರ್ ತಾನೇ ಬರೆದ ಪರಿವರ್ತನೆ ಇನ್ನೂ ಕೆಳಗಿನದು. ಗೆಲ್ಲಬೇಕಾದ ಅಭ್ಯರ್ಥಿ ಎರಡೂ ಬದಿಗಳಲ್ಲಿ ಉಳಿದವುಗಳಿಗಿಂತ ಕಡಿಮೆಯದಾಗಿರಬಾರದು, ಸಾಮಾನ್ಯವಾಗಿ ಕನಿಷ್ಠ ಒಂದು ಬದಿಯಲ್ಲಿ ಮೇಲಾಗಿರಬೇಕು. ಒಂದು ಅಭ್ಯರ್ಥಿ ಎಡಕ್ಕೆ ಚೆನ್ನಾಗಿ ಹೊಂದಿ, ಇನ್ನೊಂದು ಬಲಕ್ಕೆ ಚೆನ್ನಾಗಿ ಹೊಂದಿದರೆ ಕಂಪೈಲರ್ ಊಹೆಗೆ ಕೈಹಾಕುವುದಿಲ್ಲ. ಕರೆ ಸಂದಿಗ್ಧವಾಗಿದೆ ಎಂದು ದೋಷ ತೋರಿಸಿ ನಿಂತುಬಿಡುತ್ತದೆ. ಈ ನಿಲುಗಡೆಯನ್ನು ಕಂಪೈಲರ್‌ನ ಅಸಾಮರ್ಥ್ಯವೆಂದು ಬಗೆಯುವವರಿದ್ದಾರೆ, ಆದರೆ ತಪ್ಪು ಹೋಲಿಕೆಯನ್ನು ಸದ್ದಿಲ್ಲದೆ ಆರಿಸುವುದಕ್ಕಿಂತ ಇದು ಎಷ್ಟೋ ಪಾಲು ಉತ್ತಮ.

ಕೊನೆಗೆ ಬರೆದ ಫಂಕ್ಷನ್ ಮೊದಲಿನದನ್ನು ಅಳಿಸುತ್ತದೆ ಎಂಬ ಮಾತೂ ಕೇಳಿಬರುತ್ತದೆ, ಅದು ನಿಜವಲ್ಲ. ಬರೆದ ಕ್ರಮಕ್ಕೆ ಈ ಆಯ್ಕೆಯಲ್ಲಿ ಬೆಲೆಯಿಲ್ಲ. ಹೋಲಿಕೆಯ ಫಲಿತಾಂಶವನ್ನು ಎಲ್ಲಿ ಬಳಸಲಾಗುತ್ತದೆ ಎಂಬುದನ್ನು ನೋಡಿಯೂ ಸಿ++ ಆರಿಸುವುದಿಲ್ಲ. ಅಡಾದಂತಹ ಭಾಷೆಯಲ್ಲಾದರೋ ಸುತ್ತಲಿನ ಸಂದರ್ಭ ಯಾವ ಟೈಪ್‌ನ ಫಲಿತಾಂಶವನ್ನು ಬೇಡುತ್ತದೆ ಎಂಬುದೂ ಲೆಕ್ಕಕ್ಕೆ ಬರುವುದರಿಂದ, ಒಂದು ಭಾಷೆಯ ಅನುಭವವನ್ನು ಇನ್ನೊಂದರ ಮೇಲೆ ಹೇರಿದವರು ಇಲ್ಲಿ ಎಡವುತ್ತಾರೆ.

ಆಪರೇಟರನ್ನು, ಅಂದರೆ ಇಂತಹ ಚಿಹ್ನೆಗಾಗಿ ಬರೆದ ಫಂಕ್ಷನನ್ನು, ಎಲ್ಲಾದರೂ ಒಂದೆಡೆ ಬರೆದಿಟ್ಟರೆ ಕಂಪೈಲರ್ ಹುಡುಕಿಕೊಳ್ಳುತ್ತದೆ ಎಂಬ ನಂಬಿಕೆ ಇದಕ್ಕಿಂತ ಹೆಚ್ಚು ತೊಂದರೆ ಕೊಡುವಂಥದು. ದೊಡ್ಡ ಪ್ರೋಗ್ರಾಮ್‌ಗಳಲ್ಲಿ ಹೆಸರುಗಳನ್ನು ಗುಂಪುಗುಂಪಾಗಿ ಇಡುವ ಆವರಣಕ್ಕೆ ನೇಮ್‌ಸ್ಪೇಸ್ ಎನ್ನುತ್ತಾರೆ. ಹೋಲಿಕೆ ನಡೆಯುವ ಸ್ಥಳದಿಂದ ಹೊರಟ ಹುಡುಕಾಟ ಆ ಹೆಸರು ಮೊದಲು ಕಂಡ ಆವರಣದಲ್ಲಿಯೇ ನಿಲ್ಲುತ್ತದೆ; ಅದರ ಜೊತೆಗೆ, ಎರಡು ಬದಿಯ ಟೈಪ್‌ಗಳು ಯಾವ ನೇಮ್‌ಸ್ಪೇಸ್‌ಗೆ ಸೇರಿವೆಯೋ ಅಲ್ಲಿಯೂ ಹುಡುಕಾಟ ನಡೆಯುತ್ತದೆ. ಹಾಗಾಗಿ ‘ನಿಲ್ದಾಣ’ವನ್ನು ಒಂದು ನೇಮ್‌ಸ್ಪೇಸ್‌ನಲ್ಲಿ ರಚಿಸಿ, ಅದರ ‘<’ ಅನ್ನು ಎಲ್ಲ ಆವರಣಗಳ ಹೊರಗೆ ಬರೆದರೆ, ಭಾಷೆಯ ಜೊತೆಗೆ ಬರುವ ಲೈಬ್ರರಿಯ ವಿಂಗಡಣೆಯ ಫಂಕ್ಷನ್‌ಗೆ ಅದು ಕಾಣುವುದಿಲ್ಲ. ಟೈಪ್ ಎಲ್ಲಿದೆಯೋ ಅದರ ಹೋಲಿಕೆಯೂ ಅಲ್ಲಿಯೇ ಇರಬೇಕು ಎಂಬ ಸಲಹೆಯ ಹಿಂದಿರುವ ಕಾರಣ ಇದೇ.

‘<’ ಒಂದನ್ನು ಬರೆದರೆ ಉಳಿದೈದು ಹೋಲಿಕೆಗಳು ತಾವಾಗಿಯೇ ದೊರೆಯುತ್ತವೆ ಎಂಬುದು ಬಹುಶಃ ಎಲ್ಲಕ್ಕಿಂತ ವ್ಯಾಪಕವಾದ ಕಲ್ಪನೆ. 1998ರ ಮೊದಲ ಮಾನಕದಿಂದ ಎರಡು ದಶಕಗಳವರೆಗೆ ಸಿ++ನಲ್ಲಿ ಅದು ಸುಳ್ಳಾಗಿತ್ತು; ‘==’ ಇದ್ದ ಮಾತ್ರಕ್ಕೆ ‘!=’ ಸಿಗುತ್ತಿರಲಿಲ್ಲ, ಆರನ್ನೂ ಬೇರೆ ಬೇರೆಯಾಗಿ ಬರೆಯಬೇಕಾಗಿತ್ತು. 2017ರಲ್ಲಿ ಸಿ++ ಮಾನಕ ಸಮಿತಿಯ ಹರ್ಬ್ ಸಟರ್ ಮುಂದಿಟ್ಟ ಪ್ರಸ್ತಾವದಿಂದ ಬೆಳೆದು, 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಸಿ++20 ಮಾನಕದಲ್ಲಿ ಸೇರಿದ ‘<=>’ ಎಂಬ ಮೂರು ದಾರಿಯ ಹೋಲಿಕೆ ಪರಿಸ್ಥಿತಿಯನ್ನು ಬದಲಿಸಿತು. ಆಕಾರದ ಕಾರಣಕ್ಕೆ ಸ್ಪೇಸ್‌ಶಿಪ್ ಎಂದು ಕರೆಯಲಾಗುವ ಈ ಆಪರೇಟರ್ ಪರ್ಲ್ ಭಾಷೆಯಲ್ಲಿ ಮೊದಲೇ ಬಳಕೆಯಲ್ಲಿತ್ತು. ಚಿಕ್ಕದೋ, ಸಮವೋ, ದೊಡ್ಡದೋ ಎಂಬುದನ್ನು ಒಂದೇ ಕರೆಯಲ್ಲಿ ಅದು ತಿಳಿಸುತ್ತದೆ. ಇದನ್ನು ಬರೆದರೆ ‘<’, ‘>’, ‘<=’, ‘>=’ ನಾಲ್ಕೂ ದೊರೆಯುತ್ತವೆ, ಆದರೆ ಅವು ನಾಲ್ಕು ಹೊಸ ಫಂಕ್ಷನ್‌ಗಳಾಗಿ ಹುಟ್ಟುತ್ತವೆ ಎಂದು ತಿಳಿಯುವುದು ಮತ್ತೊಂದು ತಪ್ಪು. ಕಂಪೈಲರ್ ಮಾಡುವುದು ಬರಹವನ್ನು ತಿದ್ದಿ ಓದುವ ಕೆಲಸ: ‘ಅ < ಆ’ ಎಂದು ಬರೆದದ್ದನ್ನು ‘(ಅ <=> ಆ) < 0’ ಎಂದೂ ಓದಿ ನೋಡುತ್ತದೆ, ‘ಅ != ಆ’ ಎಂಬುದನ್ನು ‘ಅ == ಆ’ದ ನಿರಾಕರಣೆಯಾಗಿ ಓದುತ್ತದೆ, ಎರಡು ಬದಿಗಳನ್ನು ಅದಲುಬದಲು ಮಾಡಿ ‘ಆ == ಅ’ ಎಂಬುದನ್ನೂ ಅಭ್ಯರ್ಥಿಗಳ ಪಟ್ಟಿಗೆ ಸೇರಿಸುತ್ತದೆ. ಪರಿವರ್ತನೆಯ ಅಳತೆಯಲ್ಲಿ ಸಮಸಮವಾದಾಗ ಮಾತ್ರ, ತಿದ್ದದೆ ಓದಿದ ಅಭ್ಯರ್ಥಿಗೆ ತಿದ್ದಿದ್ದಕ್ಕಿಂತ, ನೇರವಾದದ್ದಕ್ಕೆ ಅದಲುಬದಲಾದದ್ದಕ್ಕಿಂತ ಮೊದಲ ಮಣೆ. ಕೇವಲ ‘<’ ಬರೆದವರಿಗೆ ‘>’ ಇಂದಿಗೂ ದೊರೆಯುವುದಿಲ್ಲ.

ಪ್ರೋಗ್ರಾಮರ್ ಕೈಯಾರೆ ಬರೆದ ‘<=>’ನಿಂದ ‘==’ ಸಿಗದಿರುವುದು ಅನೇಕರಿಗೆ ಅನ್ಯಾಯವೆಂದು ತೋರುತ್ತದೆ, ಆದರೆ ಅದಕ್ಕೆ ಗಟ್ಟಿಯಾದ ಕಾರಣವಿದೆ. ಯುಟಿಎಫ್-8 ಎಂಬ ಸಂಕೇತ ವಿಧಾನದಲ್ಲಿ ‘ನಂತೂರು’ 18 ಬೈಟ್‌ಗಳು, ‘ಸುರತ್ಕಲ್’ 24 ಬೈಟ್‌ಗಳು. ಎರಡೂ ಒಂದೇ ಪದವಲ್ಲ ಎಂದು ಹೇಳಲು ಉದ್ದಗಳನ್ನು ನೋಡಿದರೆ ಸಾಕು. ಯಾವುದು ಮೊದಲು ಬರಬೇಕೆಂದು ಹೇಳಲು ಮಾತ್ರ ಅಕ್ಷರಗಳನ್ನು ತೆರೆದು ನೋಡಬೇಕು. ಸಮತೆಯನ್ನು ಕ್ರಮದ ಹೋಲಿಕೆಯ ಮೂಲಕವೇ ಕಂಡುಹಿಡಿದರೆ ಈ ಅಡ್ಡದಾರಿ ಮುಚ್ಚಿಹೋಗುತ್ತದೆ. ‘<=>’ ಅನ್ನು ಕಂಪೈಲರ್‌ನ ರೂಢಿಯ ವ್ಯಾಖ್ಯಾನಕ್ಕೇ ಬಿಟ್ಟುಕೊಟ್ಟಾಗ ಜೊತೆಗೆ ‘==’ ಕೂಡ ಬರುತ್ತದೆ, ಏಕೆಂದರೆ ಆಗ ಕಂಪೈಲರ್ ಅದನ್ನು ಪ್ರತ್ಯೇಕವಾಗಿಯೇ ರಚಿಸಬಲ್ಲದು.

ಅದಲುಬದಲಿನ ಈ ನಿಯಮಕ್ಕೂ ಒಂದು ಬೆಲೆ ಇತ್ತು. ಸದಸ್ಯ ಫಂಕ್ಷನ್ ಆಗಿ ‘==’ ಬರೆಯುವಾಗ, ಎಡಬದಿಯ ವಸ್ತುವನ್ನು ಬದಲಿಸುವುದಿಲ್ಲ ಎಂದು ಸೂಚಿಸುವ ‘ಕಾನ್ಸ್ಟ್’ ಪದವನ್ನು ಮರೆತ ಹಳೆಯ ಕೋಡ್ ಸಾಕಷ್ಟಿತ್ತು, ಮತ್ತು ಅದು ವರ್ಷಗಳಿಂದ ಸರಿಯಾಗಿಯೇ ಕಂಪೈಲ್ ಆಗುತ್ತಿತ್ತು. ಹೊಸ ನಿಯಮದಡಿ ನೇರ ಓದು ಎಡಬದಿಗೆ, ಅದಲುಬದಲಿನ ಓದು ಬಲಬದಿಗೆ ಚೆನ್ನಾಗಿ ಹೊಂದಿ, ಅಂತಹ ಹೋಲಿಕೆಗಳು ಸಂದಿಗ್ಧವಾದವು. ಟೈಪ್‌ಗೆ ಹೊಂದುವ ‘!=’ ಕೂಡ ಬರೆದಿದ್ದರೆ ‘==’ ಅನ್ನು ಅದಲುಬದಲು ಮಾಡಬಾರದು ಎಂಬ ತಿದ್ದುಪಡಿ 2022ರಲ್ಲಿ ಬಂದು ಹಳೆಯ ಕೋಡ್‌ಗೆ ಉಸಿರು ಕೊಟ್ಟಿತು. ಹೊಸ ಕೋಡ್ ಬರೆಯುವವರು ಆ ಆಸರೆಯನ್ನು ನೆಚ್ಚದೆ ‘ಕಾನ್ಸ್ಟ್’ ಬರೆಯುವುದೇ ಸರಿಯಾದ ದಾರಿ.

ಓವರ್‌ಲೋಡಿಂಗ್‌ನಿಂದ ಚಿಹ್ನೆಯ ಸ್ವಭಾವವನ್ನೇ ಬದಲಿಸಬಹುದು ಎಂಬ ಭಾವನೆಯೂ ಇದೆ. ಆದರೆ ಚಿಹ್ನೆಗಳ ಆದ್ಯತೆಯನ್ನು ಬದಲಿಸಲಾಗದು. ಕನಿಷ್ಠ ಒಂದು ಬದಿಯಾದರೂ ಪ್ರೋಗ್ರಾಮರ್ ರಚಿಸಬಹುದಾದ ಬಗೆಯ ಟೈಪ್ ಆಗಿರಲೇಬೇಕು. ಎರಡು ಸಂಖ್ಯೆಗಳ ನಡುವಿನ ‘<’ ಅನ್ನು ಯಾರೂ ಮುಟ್ಟುವಂತಿಲ್ಲ, ಮತ್ತು ಅದರ ನಿಯಮಗಳು ಗಣಿತದವೇ ಎಂದು ನಂಬುವಂತೆಯೂ ಇಲ್ಲ: ‘3 < 2 < 1’ ಎಂಬುದು ಸಿ++ನಲ್ಲಿ ನಿಜವೆನಿಸುತ್ತದೆ, ಏಕೆಂದರೆ ‘3 < 2’ರ ಸುಳ್ಳು 0 ಆಗಿ, 0 ಎಂಬುದು 1ಕ್ಕಿಂತ ಚಿಕ್ಕದಾಗುತ್ತದೆ. ಉದ್ಧರಣ ಚಿಹ್ನೆಗಳೊಳಗೆ ನೇರವಾಗಿ ಬರೆದ ಎರಡು ಪದಗಳನ್ನು ‘==’ನಿಂದ ಹೋಲಿಸಿದಾಗಲೂ ಅಕ್ಷರಗಳು ಹೋಲಿಕೆಯಾಗುವುದಿಲ್ಲ, ಅವುಗಳನ್ನು ಇಟ್ಟ ಮೆಮೊರಿಯ ವಿಳಾಸಗಳು ಹೋಲಿಕೆಯಾಗುತ್ತವೆ; ಒಂದು ಬದಿ ಲೈಬ್ರರಿಯ ಸ್ಟ್ರಿಂಗ್ ಟೈಪ್ ಆದೊಡನೆ ಅದೇ ಚಿಹ್ನೆ ಅಕ್ಷರಗಳನ್ನು ಹೋಲಿಸುತ್ತದೆ. ಪ್ರೋಗ್ರಾಮರ್‌ಗೆ ಆಪರೇಟರ್‌ಗಳನ್ನು ಓವರ್‌ಲೋಡ್ ಮಾಡಲು ಬಿಡದ ಜಾವಾದಲ್ಲಿಯೂ ಆಯ್ಕೆ ಟೈಪ್‌ನ ಮೇಲೆಯೇ ನಿಂತಿದೆ. ಎರಡೂ ಬದಿ ಸರಳ ಪೂರ್ಣಾಂಕಗಳಾದರೆ ಮೌಲ್ಯಗಳು, ಎರಡೂ ‘ಇಂಟಿಜರ್’ ವಸ್ತುಗಳಾದರೆ ಅವು ಒಂದೇ ವಸ್ತುವೇ ಎಂಬುದು ಪರೀಕ್ಷೆಯಾಗುತ್ತದೆ. ಪೈಥಾನ್‌ನ ದಾರಿ ಬೇರೆ. ಅಲ್ಲಿ ಪ್ರೋಗ್ರಾಮ್ ಓಡುವಾಗ ವಸ್ತುವನ್ನೇ ಕೇಳಿ ಹೋಲಿಕೆ ನಡೆಯುತ್ತದೆ.

ಕನ್ನಡದಲ್ಲಿ ಬರೆದ ದತ್ತಾಂಶದೊಡನೆ ಕೆಲಸ ಮಾಡುವವರಿಗೆ ಇವೆಲ್ಲಕ್ಕಿಂತ ಹತ್ತಿರದ ತಪ್ಪು ಕಲ್ಪನೆ ಒಂದಿದೆ: ಸರಿಯಾದ ಆಪರೇಟರ್ ಆಯ್ಕೆಯಾದರೆ ಹೋಲಿಕೆಯೂ ಸರಿಯಾಯಿತು ಎಂಬುದು. ಸಿ++ನ ಸ್ಟ್ರಿಂಗ್ ಟೈಪ್‌ನ ‘==’ ಮತ್ತು ‘<’ ಹೋಲಿಸುವುದು ಬೈಟ್‌ಗಳನ್ನು. ‘ಕೊಟ್ಟಾರ’ದ ಒ-ಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರ ಮತ್ತು ಊ-ಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು; ಪರದೆಯ ಮೇಲೆ ಎರಡೂ ಒಂದೇ, ಮೊದಲನೆಯದು 21 ಬೈಟ್, ಎರಡನೆಯದು 24 ಬೈಟ್, ‘==’ನ ಉತ್ತರ ಸುಳ್ಳು. ವಿಂಗಡಿಸಿದಾಗ, ಜೋಡಿಯಾಗಿ ಬರೆದ ಕೊಟ್ಟಾರ ‘ಕೈಕಂಬ’ ಎಂಬ ಊರಿನ ಹೆಸರಿಗಿಂತ ಮುಂದೆ ಬಂದು ಕೂರುತ್ತದೆ, ಒಂದೇ ಸಂಕೇತದಲ್ಲಿ ಬರೆದದ್ದು ಹಿಂದೆ ಹೋಗುತ್ತದೆ. ‘ಪಂಪ್‌ವೆಲ್’ನಲ್ಲಿ ವ-ಕಾರ ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಸಂಕೇತವಿದ್ದರೆ ಒಂದು ಪದ, ಇಲ್ಲದಿದ್ದರೆ ಇನ್ನೊಂದು. ವರ್ಣಮಾಲೆಯಲ್ಲಿ ಹ-ಕಾರದ ನಂತರ ಬರುವ ಳ-ಕಾರ ಯೂನಿಕೋಡ್ ಪಟ್ಟಿಯಲ್ಲಿ ಲ-ಕಾರದ ಬೆನ್ನಿಗೇ ಇರುವುದರಿಂದ, ‘ಬಸಳೆ’ಯ ನಂತರ ಬರಬೇಕಾದ ‘ಬಳೆ’ ಅದಕ್ಕಿಂತ ಮುಂದೆ ನಿಲ್ಲುತ್ತದೆ. ಇಲ್ಲಿ ಕಂಪೈಲರ್‌ನ ಆಯ್ಕೆಯಲ್ಲಿ ಎಳ್ಳಷ್ಟೂ ದೋಷವಿಲ್ಲ. ಕೇಳಿದ ಟೈಪ್‌ಗೆ ಕೇಳಿದ ಫಂಕ್ಷನನ್ನೇ ಅದು ಕೊಟ್ಟಿದೆ.

ಆದುದರಿಂದ ಕನ್ನಡದ ಹೆಸರುಗಳನ್ನು ಹೋಲಿಸುವ ಪ್ರೋಗ್ರಾಮ್ ಬರೆಯುವವರು ಅವುಗಳಿಗೆ ತಮ್ಮದೇ ಒಂದು ಟೈಪ್ ರಚಿಸಿ, ಪಠ್ಯ ಒಳಬರುವಾಗಲೇ ನಾರ್ಮಲೈಸೇಶನ್ ಎಂಬ ವಿಧಾನದಿಂದ ಸಂಕೇತಗಳನ್ನು ಏಕರೂಪಕ್ಕೆ ತಂದು, ಅದರಿಂದ ಹೋಗದ ಅಗೋಚರ ಸಂಕೇತವನ್ನು ಏನು ಮಾಡಬೇಕೆಂದು ತಾವೇ ನಿರ್ಧರಿಸಿ, ‘<=>’ನೊಳಗೆ ಕನ್ನಡದ ಅಕ್ಷರಕ್ರಮವನ್ನು ಬಲ್ಲ ಐಸಿಯುನಂತಹ ಲೈಬ್ರರಿಯನ್ನು ಕರೆಯಬೇಕು, ‘==’ ಅನ್ನು ಮರೆಯದೆ ಬೇರೆಯಾಗಿ ಬರೆಯಬೇಕು.