ನಿಮಗಿದು ಗೊತ್ತೆ? ಕುಳ್ಳಿಯೆಂದು ಬೇಡವಾದ ಚಾಂಪಿಯನ್

ಚೀನಾದ ಟೇಬಲ್ ಟೆನಿಸ್ ಆಟಗಾರ್ತಿ ಡೆಂಗ್ ಯಾಪಿಂಗ್ ಹುಟ್ಟಿದ್ದು 1973ರಲ್ಲಿ, ಹೆನಾನ್ ಪ್ರಾಂತ್ಯದ ಝೆಂಗ್‌ಝೌನಲ್ಲಿ. ಮೊದಲ ಗುರು ತಂದೆಯೇ. ಎತ್ತರ ಸುಮಾರು ಒಂದೂವರೆ ಮೀಟರ್. ಕುಳ್ಳಿ ಎಂಬ ಕಾರಣಕ್ಕೆ ಆಯ್ಕೆದಾರರು ಆರಂಭದಲ್ಲಿ ಆಕೆಯನ್ನು ಕೈಬಿಟ್ಟಿದ್ದರು. ಆದರೆ ಮೇಜಿಗೆ ಅಂಟಿಕೊಂಡಂತೆ ನಿಂತು, ಚೆಂಡು ಪುಟಿದೇಳುತ್ತಲೇ ಬಾರಿಸುವ ಆಕೆಯ ವೇಗಕ್ಕೆ ಎದುರಾಳಿಗಳ ಬಳಿ ಉತ್ತರವಿರಲಿಲ್ಲ. ಬ್ಯಾಟಿನ ಒಂದು ಬದಿಗೆ ನಯವಾದ ರಬ್ಬರ್, ಇನ್ನೊಂದಕ್ಕೆ ಉದ್ದ ಗುಬುಟಿನ ರಬ್ಬರ್. ಹಾಗಾಗಿ ಚೆಂಡಿನ ತಿರುವು ಊಹಿಸುವುದೇ ಕಷ್ಟವಾಗುತ್ತಿತ್ತು.

1989ರಲ್ಲಿ ಚಿಯಾವೊ ಹಾಂಗ್ ಜೊತೆ ವಿಶ್ವ ಡಬಲ್ಸ್ ಪ್ರಶಸ್ತಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಡಬಲ್ಸ್ ಚಿನ್ನ ಗೆದ್ದರು. ಸಿಂಗಲ್ಸ್ ಫೈನಲ್‌ನಲ್ಲಿ ಡೆಂಗ್ ಸೋಲಿಸಿದ್ದು ಅದೇ ಜೊತೆಗಾರ್ತಿಯನ್ನು! 1996ರಲ್ಲಿ ಅಟ್ಲಾಂಟಾದಲ್ಲೂ ಎರಡೂ ಚಿನ್ನ. 1997ರಲ್ಲಿ, ಕೇವಲ 24ರ ವಯಸ್ಸಿನಲ್ಲಿ ನಿವೃತ್ತಿ. ಬಳಿಕ ಓದಿಗೆ ಮರಳಿದ ಆಕೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.