ಆಟಕ್ಕೂ ಒಂದು ಸ್ವರಲಿಪಿ

ಕಂಪ್ಯೂಟರ್ ಆಟದಲ್ಲಿ ತೋರಿದ ಕೈಚಳಕವನ್ನು ದೂರದ ಗೆಳೆಯನಿಗೆ ಕಾಣಿಸುವುದು ಹೇಗೆ? 1993ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಹೊರತಂದ ‘ಡೂಮ್’ ಇದಕ್ಕೊಂದು ಜಾಣ ದಾರಿ ಹಿಡಿಯಿತು. ಅದು ಚಿತ್ರವನ್ನು ಹಿಡಿದಿಡಲಿಲ್ಲ. ಆಟಗಾರನ ಚಲನೆಗಳನ್ನಷ್ಟೇ ಸೆಕೆಂಡಿಗೆ 35 ಬಾರಿ, ಪ್ರತಿ ಸಲ 4 ಬೈಟ್‌ಗಳಲ್ಲಿ ಬರೆದಿಟ್ಟಿತು. ಒಂದು ನಿಮಿಷಕ್ಕೆ ಸುಮಾರು 8,400 ಬೈಟ್! ಒಂದೇ ಫ್ಲಾಪಿಯಲ್ಲಿ ಗಂಟೆಗಟ್ಟಲೆ ಆಟ ಹಿಡಿಸುತ್ತಿತ್ತು.

ಇದು ಸಂಗೀತದ ಸ್ವರಲಿಪಿಯಂತೆ. ಕಾಗದದಲ್ಲಿ ನಾದವಿಲ್ಲ, ನುಡಿಸಲು ವೀಣೆ ಬೇಕು. ತೊಡಕೂ ಇಲ್ಲೇ ಉಂಟು. ಆಟದ ಒಳನಿಯಮ ಕೊಂಚ ಬದಲಾದರೂ ಅದೇ ಚಲನೆಗಳು ವೀರನನ್ನು ಗೋಡೆಗೆ ಗುದ್ದಿಸಬಲ್ಲವು. ಆದರೆ 1997ರಲ್ಲಿ ಸಂಸ್ಥೆ ಆಟದ ಮೂಲ ಪ್ರೋಗ್ರಾಮನ್ನೇ ಬಿಟ್ಟುಕೊಟ್ಟಿತು. ಆಸಕ್ತರು ಅದರಿಂದ ಹಳೆಯ ಆವೃತ್ತಿಗಳಂತೆಯೇ ನಡೆಯುವ ತಂತ್ರಾಂಶ ಕಟ್ಟಿದರು. ಹೀಗಾಗಿ ಅಂದಿನ ಎಷ್ಟೋ ಆಟಗಳನ್ನು ಇಂದೂ ನೋಡಬಹುದು.